ತಂಬಾಕಿನ ಸೀಮೆಯಲ್ಲಿ ವಾಂತಿ ತಡೆಯುವ ಗುಳಿಗೆ

ಬೀಡಿ ತಂಬಾಕಿನ ಗಿಡ ಮೊಗ್ಗು ಕಟ್ಟುವ ಹೊತ್ತಿಗೆ ನಿಪ್ಪಾಣಿ, ಚಿಕ್ಕೋಡಿ ಭಾಗದ ರೈತ ಅದರ ತಲೆ ಮುರಿಯುತ್ತಾನೆ. ಹೂವಿಗೆ ಹೋಗಬೇಕಾದ ಸತ್ವ ಎಲೆಗೆ ತಿರುಗಲಿ ಎಂಬುದು ಲೆಕ್ಕ. ಆಮೇಲೆ ಎಲೆಯ ಬುಡದಲ್ಲಿ ಚಿಗುರುವ ಕುಡಿಗಳನ್ನು ಮತ್ತೆ ಮತ್ತೆ ಚಿವುಟುವ ಕೆಲಸ. ತಲೆ ಮುರಿಸಿಕೊಂಡ ಗಿಡ ಬೇರಿನಲ್ಲಿ ಮೊದಲಿಗಿಂತ ಹೆಚ್ಚು ನಿಕೋಟಿನ್ ತಯಾರಿಸಿ ಎಲೆಗೆ ಕಳಿಸುತ್ತದೆ. ಹುಳುಹುಪ್ಪಟೆ ತಿನ್ನದಿರಲೆಂದು ಗಿಡ ಮಾಡಿಕೊಂಡ ವಿಷ ಅದು. ಬೆಳಗಿನ ಇಬ್ಬನಿಗೋ ಜಿಟಿಜಿಟಿ ಮಳೆಗೋ ಎಲೆ ತೊಯ್ದಿದ್ದರೆ ಆ ನಿಕೋಟಿನ್ ನೀರಿನಲ್ಲಿ ಕರಗಿ, ಕುಡಿ ಚಿವುಟುವವರ ಬೆರಳು, ಮೊಣಕೈ, ತೊಡೆಯ ಚರ್ಮದ ಮೂಲಕ ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಬೀಡಿ ಸೇದದವರಿಗೂ, ತಂಬಾಕು ಬಾಯಿಗೆ ಹಾಕದವರಿಗೂ ಸಂಜೆ ಹೊತ್ತಿಗೆ ತಲೆ ಸುತ್ತು, ಬೆವರು, ಆಮೇಲೆ ವಾಂತಿ. ‘ಹೊಟ್ಟಿ ತೊಳಸಾಕತ್ತೈತಿ’ ಅಂದು ಮಲಗಿದರೆ ಅಡುಗೆಯ ವಾಸನೆಯೂ ಬೇಡ.

ವೈದ್ಯಶಾಸ್ತ್ರ ಇದನ್ನು ಹಸಿ ತಂಬಾಕಿನ ಕಾಯಿಲೆ ಎಂದು ಗುರುತಿಸಿದ್ದು 1970ರಲ್ಲಿ, ಅಮೆರಿಕದ ಫ್ಲಾರಿಡಾದ ಹೊಲಗಳಲ್ಲಿ. ಮುಂದೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗುಜರಾತಿನ ತಂಬಾಕು ಕೂಲಿಕಾರರ ಮೂತ್ರದಲ್ಲಿ ನಿಕೋಟಿನ್ ಇರುವುದನ್ನು ಅಳೆದು ತೋರಿಸಿದರು. ಕೈಗವಸು ಹಾಕಿದರೆ ಅದು ಇಳಿಯುತ್ತದೆ ಎಂಬುದನ್ನೂ ಕಂಡುಕೊಂಡರು. ಇದಕ್ಕೆ ಮೊದಲ ಮದ್ದು ಗುಳಿಗೆಯಲ್ಲ. ಹೊಲದಿಂದ ಹೊರಗೆ ಬಂದು, ತೊಯ್ದ ಬಟ್ಟೆ ಬದಲಿಸಿ, ಸಾಬೂನು ಹಚ್ಚಿ ಮೈ ತೊಳೆಯುವುದು.

ವಾಂತಿಯ ಕಥೆಯನ್ನು ತಂಬಾಕಿನ ಹೊಲದಿಂದ ಆರಂಭಿಸಲು ಇನ್ನೂ ಒಂದು ಕಾರಣವಿದೆ. ಔಷಧಿ ನಮ್ಮ ದೇಹದ ಎಲ್ಲಿ, ಯಾವುದಕ್ಕೆ ತಗಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದೇ ನಿಕೋಟಿನ್‌ನಿಂದ. 1905ರಲ್ಲಿ ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ಕೋಳಿಯ ಕಾಲಿನ ಸ್ನಾಯುವಿನ ಮೇಲೆ ನಿಕೋಟಿನ್ ಪ್ರಯೋಗಿಸಿದ. ಸ್ನಾಯು ಬಿಗಿಯಿತು. ಅದಕ್ಕೆ ಬರುವ ನರವನ್ನು ಕತ್ತರಿಸಿ, ಅದು ಪೂರ್ತಿ ಸತ್ತ ಮೇಲೆ ನಿಕೋಟಿನ್ ಕೊಟ್ಟರೂ ಬಿಗಿಯಿತು. ದಕ್ಷಿಣ ಅಮೆರಿಕದ ಬಾಣದ ವಿಷ ಕ್ಯುರಾರೆ ಕೊಟ್ಟರೆ ಬಿಗಿತ ನಿಂತಿತು. ಹಾಗಿದ್ದರೆ ನಿಕೋಟಿನ್ ತಗಲುವುದು ನರಕ್ಕಲ್ಲ, ಸ್ನಾಯುವಿನ ಮೇಲೆಯೇ ಇರುವ ಯಾವುದೋ ಒಂದು ವಸ್ತುವಿಗೆ. ಕ್ಯುರಾರೆ ಆ ಜಾಗವನ್ನೇ ಕಸಿದುಕೊಳ್ಳುತ್ತದೆ ಎಂದು ಲ್ಯಾಂಗ್ಲಿ ತರ್ಕಿಸಿದ. ಇಂದು ಗ್ರಾಹಕ ಎಂದು ಕರೆಯುವುದು ಅದನ್ನೇ. ಈಗಿನ ಔಷಧಿಶಾಸ್ತ್ರದ ಬಹುಪಾಲು ನಿಂತಿರುವುದು ಆ ಕೋಳಿಯ ಕಾಲಿನ ಮೇಲೆ.

ಆ ನಿಕೋಟಿನ್ ಗ್ರಾಹಕಕ್ಕೆ ಒಂದು ಒಡಹುಟ್ಟು ಇದೆ. ಅದೇ ವಂಶ, ಅದೇ ಮೈಕಟ್ಟು, ಆದರೆ ಸ್ಪಂದಿಸುವುದು ಸೆರೊಟೋನಿನ್‌ಗೆ. ಹೆಸರು 5-ಎಚ್‌ಟಿ3. ತಂಬಾಕಿನಿಂದ ಬಾಯಿ ಕ್ಯಾನ್ಸರ್ ಆಗಿ, ಸಿಸ್‌ಪ್ಲಾಟಿನ್ ಎಂಬ ಔಷಧಿಯನ್ನು ರಕ್ತನಾಳಕ್ಕೆ ಹರಿಸಿಕೊಂಡ ರೋಗಿಗೆ ಕರುಳು ಕಿತ್ತುಬರುವಂತೆ ವಾಂತಿಯಾಗುವುದು ಈ ಗ್ರಾಹಕದ ಮೂಲಕ. ಆ ವಾಂತಿಯನ್ನು ತಡೆಯುವ ಒಂಡಾನ್ಸೆಟ್ರಾನ್ ಎಂಬ ಪುಟ್ಟ ಗುಳಿಗೆ ಕೆಲಸ ಮಾಡುವುದೂ ಇಲ್ಲಿಯೇ.

ಬೆಳಗಾವಿ ಜಿಲ್ಲೆಯ ಈ ವಾಯವ್ಯ ಮೂಲೆಗೆ ತಂಬಾಕು ಬರೀ ಬೆಳೆಯಲ್ಲ. 1981ರಲ್ಲಿ ಶರದ್ ಜೋಶಿ ಅವರ ಶೇತಕರಿ ಸಂಘಟನೆಯ ನೇತೃತ್ವದಲ್ಲಿ ನಿಪ್ಪಾಣಿಯ ತಂಬಾಕು ರೈತರು ಬೆಲೆಗಾಗಿ ಹೆದ್ದಾರಿ ಹಿಡಿದು ಕುಳಿತಾಗ ಪೊಲೀಸರ ಗುಂಡಿಗೆ ರೈತರು ಪ್ರಾಣ ತೆತ್ತರು. ಅದೇ ಕಾಲಕ್ಕೆ ಊರಿನ ತಂಬಾಕು ವಖಾರಿಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದರು. ಅವರ ಹೋರಾಟವನ್ನು ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ 1982ರಲ್ಲಿ ‘ತಂಬಾಕೂ ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿತು. ಒಣಗಿದ ಎಲೆಯನ್ನು ಬಡಿದು, ಕಡ್ಡಿ ಬೇರೆ ಪುಡಿ ಬೇರೆ ಮಾಡಿ, ಜರಡಿ ಹಿಡಿಯುವ ಕೆಲಸ ಅದು. ಮೂಗಿಗೆ ಸೆರಗು ಕಟ್ಟಿಕೊಂಡರೂ ಧೂಳು ಒಳಕ್ಕೆ ಹೋಗದೆ ಬಿಡದು. ಹೊಸಬರಿಗೆ ಕೆಮ್ಮು, ಸೀನು, ಕಣ್ಣುರಿ, ಜೊತೆಗೆ ಅದೇ ಹೊಟ್ಟೆ ತೊಳಸುವುದು. ಕೆಲವು ದಿನ ಹೋದರೆ ದೇಹ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳುವುದು ಎಂದರೂ ಗ್ರಾಹಕಗಳ ಲೆಕ್ಕವೇ. ಪದೇ ಪದೇ ನಿಕೋಟಿನ್ ತಗಲಿದರೆ ಅವು ಜಡವಾಗುತ್ತವೆ.

ಈ ಸೀಮೆಯಲ್ಲಿ ತಂಬಾಕು ಬಾಯಿಗೆ ಹೋಗುವ ದಾರಿಗಳು ಒಂದೆರಡಲ್ಲ. ಬೀಡಿ ಇದೆ. ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿದ ತಂಬಾಕು ಇದೆ. ಎಲೆ ಸುಟ್ಟು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಶೇರಿ ಇದೆ. ಎಷ್ಟೋ ಹೆಂಗಸರಿಗೆ ಅದು ಚಟವೆಂದು ಅನ್ನಿಸುವುದೇ ಇಲ್ಲ, ಹಲ್ಲುಪುಡಿ ಅಷ್ಟೇ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆಯ ಚೀಟು ಬೇರೆ, ತಂಬಾಕಿನ ಚೀಟು ಬೇರೆಯಾಗಿ ಕೈಗೆ ಬಂದವು, ಬಾಯಲ್ಲಿ ಮತ್ತೆ ಒಂದಾದವು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆ.

ಕೆನ್ನೆಯ ಒಳಗೆ ವಾಸಿಯಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ, ಕುತ್ತಿಗೆಯಲ್ಲೊಂದು ಗಂಟು. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಕಾಗವಾಡ, ಅಥಣಿ ಕಡೆಯವರಿಗೆ ಮಿರಜ ಹತ್ತಿರ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯ 19ನೇ ಶತಮಾನದ ಕೊನೆಯಲ್ಲಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಕೃಷ್ಣಾ ತೀರದ ಜನಕ್ಕೆ ದೊಡ್ಡ ಜಡ್ಡು ಎಂದರೆ ಮಿರಜವೇ. ಈಗ ಅಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ನಿಪ್ಪಾಣಿಯವರು ಕೊಲ್ಹಾಪುರದ ಬಸ್ ಹತ್ತುತ್ತಾರೆ. ರಾಯಬಾಗ, ಚಿಕ್ಕೋಡಿಯ ಜನ ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಗೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗುತ್ತಾರೆ. ಮೊದಲು ಶಸ್ತ್ರಕ್ರಿಯೆ, ಆಮೇಲೆ ‘ಕರೆಂಟ್ ಕೊಡೋದು’, ಅಂದರೆ ವಿಕಿರಣ. ಕಾಯಿಲೆ ಮುಂದುವರಿದಿದ್ದರೆ ವಿಕಿರಣದ ಜೊತೆಗೆ ಕಿಮೋ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಆ ಕಿಮೋ ಬಹುಮಟ್ಟಿಗೆ ಸಿಸ್‌ಪ್ಲಾಟಿನ್.

ಸಿಸ್‌ಪ್ಲಾಟಿನ್ ಪ್ಲಾಟಿನಂ ಲೋಹದ ಒಂದು ಸಂಯುಕ್ತ. ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ 1965ರಲ್ಲಿ ವಿದ್ಯುತ್ ಹಾಯಿಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಒಡೆಯದೆ ಬರೀ ಉದ್ದವಾಗುವುದನ್ನು ಕಂಡ. ಅದಕ್ಕೆ ಕಾರಣ ಹುಡುಕುತ್ತ ಹೋದಾಗ ವಿದ್ಯುದ್ವಾರದ ಪ್ಲಾಟಿನಂ ಕರಗಿ ಈ ಸಂಯುಕ್ತವಾಗಿದ್ದು ಗೊತ್ತಾಯಿತು. ಕೋಶ ವಿಭಜನೆಯನ್ನು ತಡೆಯುವ ಈ ವಸ್ತು 1978ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಮಂಜೂರಾಯಿತು. ಕ್ಯಾನ್ಸರ್ ಮೇಲೆ ಅದರ ಪೆಟ್ಟು ದೊಡ್ಡದು. ಆದರೆ ತಡೆಯುವ ಔಷಧಿ ಕೊಡದಿದ್ದರೆ ಅದನ್ನು ಪಡೆದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ವಾಂತಿಯಾಗುತ್ತದೆ. ಒಂದೆರಡು ಸಲವಲ್ಲ, ಹೊಟ್ಟೆಯಲ್ಲಿ ಏನೂ ಉಳಿಯದ ಮೇಲೂ ಒಣ ಓಕರಿಕೆ. 1980ರ ದಶಕದಲ್ಲಿ ಎಷ್ಟೋ ರೋಗಿಗಳು ‘ಸತ್ತರೂ ಚಿಂತೆಯಿಲ್ಲ, ಆ ಸಲಾಯಿನ್ ಬೇಡ’ ಅಂದು ಚಿಕಿತ್ಸೆ ನಡುವೆಯೇ ಬಿಟ್ಟರು. ಕ್ಯಾನ್ಸರ್ ಗುಣವಾಗಬಹುದಾಗಿದ್ದವರೂ ಅವರಲ್ಲಿದ್ದರು.

ಈ ವಾಂತಿ ಹೊಟ್ಟೆಯಲ್ಲಿ ಹುಟ್ಟುತ್ತದೆಯೇ, ಮಿದುಳಿನಲ್ಲಿಯೇ? ಉತ್ತರಕ್ಕೆ ಸೆರೊಟೋನಿನ್‌ನ ಚರಿತ್ರೆ ನೋಡಬೇಕು.

1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್ಪಾಮರ್ ಕರುಳಿನ ಒಳಪದರದಿಂದ ಸ್ನಾಯುವನ್ನು ಬಿಗಿಸುವ ಒಂದು ವಸ್ತುವನ್ನು ತೆಗೆದ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮಾರಿಸ್ ರ‍್ಯಾಪೋರ್ಟ್, ಆರ್ಡಾ ಗ್ರೀನ್, ಅರ್ವಿನ್ ಪೇಜ್ ಮೂವರೂ ರಕ್ತದಿಂದ ರಕ್ತನಾಳ ಬಿಗಿಸುವ ವಸ್ತುವನ್ನು ಬೇರ್ಪಡಿಸಿದರು. ಎರಡೂ ಒಂದೇ ಎಂದು ಆಮೇಲೆ ತಿಳಿಯಿತು. 1953ರಲ್ಲಿ ಬೆಟ್ಟಿ ಟ್ವಾರೋಗ್ ಎಂಬ ಯುವ ವಿಜ್ಞಾನಿ ಅದು ಸಸ್ತನಿಗಳ ಮಿದುಳಿನಲ್ಲೂ ಇದೆಯೆಂದು ತೋರಿಸಿದಳು. ಅಲ್ಲಿಂದ ಸೆರೊಟೋನಿನ್ ಎಂದರೆ ಮನಸ್ಸಿನ ರಸಾಯನ ಎಂಬ ಮಾತು ಹಬ್ಬಿತು. ನಿಜ ಏನೆಂದರೆ ದೇಹದಲ್ಲಿರುವ ಸೆರೊಟೋನಿನ್‌ನ ಶೇ 90ಕ್ಕೂ ಹೆಚ್ಚು ಪಾಲು ಇರುವುದು ಹೊಟ್ಟೆ ಮತ್ತು ಕರುಳಿನಲ್ಲಿ. ಅಲ್ಲಿನ ಒಳಪದರದ ಎಂಟೆರೋಕ್ರೊಮಾಫಿನ್ ಎಂಬ ಕೋಶಗಳು ಅದನ್ನು ತುಂಬಿಟ್ಟುಕೊಂಡಿರುತ್ತವೆ. ಉಂಡದ್ದರಲ್ಲಿ ವಿಷವೇನಾದರೂ ಇದ್ದರೆ ಮೊದಲು ಗೊತ್ತಾಗುವುದು ಅವಕ್ಕೆ.

ಸಿಸ್‌ಪ್ಲಾಟಿನ್ ರಕ್ತದಲ್ಲಿ ಹರಿದು ಕರುಳಿಗೆ ಬಂದಾಗ ಈ ಕೋಶಗಳು ಘಾಸಿಗೊಂಡು ಸೆರೊಟೋನಿನ್ ಕಾರಿಕೊಳ್ಳುತ್ತವೆ. ಪಕ್ಕದಲ್ಲೇ ವೇಗಸ್ ನರದ ತುದಿಗಳಿವೆ. ಹೊಟ್ಟೆಯಿಂದ ಮಿದುಳಿನ ಬುಡಕ್ಕೆ ಸುದ್ದಿ ಒಯ್ಯುವ ದೊಡ್ಡ ನರ ಇದು. ಆ ತುದಿಗಳ ಮೇಲೆ 5-ಎಚ್‌ಟಿ3 ಗ್ರಾಹಕಗಳು ಕುಳಿತಿರುತ್ತವೆ. ಸೆರೊಟೋನಿನ್ ತಗಲಿದ್ದೇ ನರ ಮಿಡಿಯುತ್ತದೆ, ಮಿದುಳಿನ ಬುಡದಲ್ಲಿರುವ ವಾಂತಿಯ ಕೇಂದ್ರ ಎಚ್ಚರಗೊಳ್ಳುತ್ತದೆ. ‘ವಿಷ ಉಂಡಿದ್ದೇನೆ, ಹೊರಗೆ ಹಾಕಬೇಕು’ ಎಂದು ದೇಹ ತಿಳಿಯುತ್ತದೆ. ಔಷಧಿ ಹೋದದ್ದು ಬಾಯಿಂದಲ್ಲ, ತೋಳಿನ ರಕ್ತನಾಳದಿಂದ. ಎಷ್ಟು ವಾಂತಿ ಮಾಡಿದರೂ ಅದು ಹೊರಬರುವುದಿಲ್ಲ. ಪಾಪ, ದೇಹಕ್ಕೆ ಅದು ಗೊತ್ತಿಲ್ಲ.

ಸೆರೊಟೋನಿನ್‌ಗೆ ಸ್ಪಂದಿಸುವ ಗ್ರಾಹಕಗಳು ಒಂದೆರಡಲ್ಲ. ಏಳು ಕುಟುಂಬ, ಒಟ್ಟು ಹದಿನಾಲ್ಕರಷ್ಟು ಬಗೆ. ಗ್ರಾಹಕ ಒಂದೇ ಅಲ್ಲ ಎಂಬ ಮೊದಲ ಸುಳಿವು ಕೊಟ್ಟವರು ಎಡಿನ್‌ಬರೋದ ಜಾನ್ ಗ್ಯಾಡಮ್ ಮತ್ತು ಪಿಕರೆಲ್ಲಿ. 1957ರಲ್ಲಿ ಗಿನಿ ಹಂದಿಯ ಕರುಳಿನ ತುಂಡನ್ನು ಸೆರೊಟೋನಿನ್‌ನಿಂದ ಬಿಗಿಸಿ ನೋಡಿದಾಗ, ಅದರ ಒಂದು ಭಾಗವನ್ನು ಡೈಬೆಂಜಿಲಿನ್ ತಡೆಯಿತು, ಇನ್ನೊಂದು ಭಾಗವನ್ನು ಮಾರ್ಫಿನ್ ತಡೆಯಿತು. ಡಿ ಮತ್ತು ಎಂ ಎಂದು ಅವರು ಹೆಸರಿಟ್ಟರು. ಆ ಎಂ ಗ್ರಾಹಕವೇ ಇಂದಿನ 5-ಎಚ್‌ಟಿ3. ಏಳು ಕುಟುಂಬಗಳಲ್ಲಿ ಇದೊಂದರ ಜಾಯಮಾನವೇ ಬೇರೆ. ಉಳಿದವು ಸುದ್ದಿಯನ್ನು ಕೋಶದೊಳಗಿನ ಇನ್ನೊಂದು ಪ್ರೋಟೀನಿಗೆ ದಾಟಿಸಿ, ಅದು ಮತ್ತೊಂದಕ್ಕೆ ದಾಟಿಸಿ, ನಿಧಾನವಾಗಿ ಕೆಲಸ ಮಾಡುತ್ತವೆ. 5-ಎಚ್‌ಟಿ3 ಸ್ವತಃ ಒಂದು ದಾರಿ. ಐದು ಪ್ರೋಟೀನು ತುಂಡುಗಳು ವೃತ್ತಾಕಾರದಲ್ಲಿ ನಿಂತಿವೆ, ನಡುವೆ ಕಿಂಡಿ. ಘಟಪ್ರಭಾ ಎಡದಂಡೆ ಕಾಲುವೆಯ ಗೇಟು ಎತ್ತಿದಂತೆ, ಸೆರೊಟೋನಿನ್ ತಗಲಿದ ಕ್ಷಣವೇ ಕಿಂಡಿ ತೆರೆದು ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ. ನಿಕೋಟಿನ್ ತೆರೆಯುವ ಗ್ರಾಹಕದ ಕಟ್ಟಡವೂ ಇದೇ: ಐದು ತುಂಡು, ನಡುವೆ ಕಿಂಡಿ. ಟ್ರೊಪಿಸೆಟ್ರಾನ್ ಎಂಬ ವಾಂತಿನಿರೋಧಕವಂತೂ ಸೆರೊಟೋನಿನ್‌ನ ಕಿಂಡಿಯನ್ನು ಮುಚ್ಚುತ್ತದೆ, ನಿಕೋಟಿನ್ ಬಳಗದ ಆಲ್ಫಾ-7 ಎಂಬ ಕಿಂಡಿಯನ್ನು ತೆರೆಯುತ್ತದೆ. ಎರಡು ಗ್ರಾಹಕಗಳ ರಕ್ತಸಂಬಂಧಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

5-ಎಚ್‌ಟಿ3ರ ವಂಶವಾಹಿಯನ್ನು 1991ರಲ್ಲಿ ಬಿಡಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಜೂಲಿಯಸ್ ಅವರ ಬಳಗ. ಮೆಣಸಿನಕಾಯಿಯ ಖಾರ ನಮಗೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಕಂಡುಹಿಡಿದು 2021ರಲ್ಲಿ ನೊಬೆಲ್ ಪಡೆದವರು ಇವರೇ. ಗ್ರಾಹಕದ ಮೂರು ಆಯಾಮದ ಚಿತ್ರ ಸಿಕ್ಕಿದ್ದು 2014ರಲ್ಲಿ.

ಚಿತ್ರ ಸಿಗುವುದಕ್ಕೆ ಎಷ್ಟೋ ಮೊದಲೇ ಔಷಧಿ ಬಂದಿತ್ತು. ಬಂದದ್ದು ಸುತ್ತುಬಳಸಿನ ದಾರಿಯಲ್ಲಿ. ಮೆಟೊಕ್ಲೊಪ್ರಮೈಡ್ ಎಂಬ ಹಳೆಯ ವಾಂತಿಯ ಔಷಧಿ ಇದೆ. ಪೆರಿನಾರ್ಮ್ ಎಂದರೆ ನಮ್ಮ ಕಡೆಯ ಔಷಧಿ ಅಂಗಡಿಯವರಿಗೆಲ್ಲ ಗೊತ್ತು. ಅದು ಡೋಪಮಿನ್ ಗ್ರಾಹಕವನ್ನು ತಡೆಯುತ್ತದೆ. ಮಾಮೂಲಿ ಪ್ರಮಾಣದಲ್ಲಿ ಸಿಸ್‌ಪ್ಲಾಟಿನ್ ವಾಂತಿಗೆ ಅದು ನಾಟುತ್ತಿರಲಿಲ್ಲ. 1981ರಲ್ಲಿ ಅಮೆರಿಕದ ರಿಚರ್ಡ್ ಗ್ರಾಲಾ ಮತ್ತು ಸಂಗಡಿಗರು ಅದನ್ನೇ ಬಹಳ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ವಾಂತಿ ಇಳಿಯಿತು. ಡೋಪಮಿನ್ ತಡೆಯುವ ಬೇರೆ ಔಷಧಿಗಳಿಗೆ ಆಗದ್ದು ಇದಕ್ಕೆ ಹೇಗೆ ಸಾಧ್ಯವಾಯಿತು? ದೊಡ್ಡ ಪ್ರಮಾಣದಲ್ಲಿ ಅದು ಸೆರೊಟೋನಿನ್‌ನ ಎಂ ಗ್ರಾಹಕವನ್ನೂ ತಡೆಯುತ್ತದೆ ಎಂಬುದು ಬೆಳಕಿಗೆ ಬಂತು. ಅಷ್ಟರಲ್ಲಿ ಜಾನ್ ಫೋಜಾರ್ಡ್ ಎಂಬ ವಿಜ್ಞಾನಿ ಆ ಗ್ರಾಹಕವನ್ನು ಮಾತ್ರ ತಡೆಯುವ ಒಂದು ವಸ್ತು ತಯಾರಿಸಿದ್ದ. 1986ರಲ್ಲಿ ಬ್ರಿಟನ್ನಿನ ಮೈನರ್ ಮತ್ತು ಸ್ಯಾಂಗರ್ ಅದನ್ನು ಫೆರೆಟ್‌ಗಳಿಗೆ ಕೊಟ್ಟು ಸಿಸ್‌ಪ್ಲಾಟಿನ್ ಹಾಕಿದರು. ವಾಂತಿ ನಿಂತಿತು. ಫೆರೆಟ್ ನಮ್ಮ ಮುಂಗುಸಿಯಷ್ಟು ಉದ್ದದ ಪ್ರಾಣಿ. ಅದನ್ನೇ ಆರಿಸಿಕೊಳ್ಳಲು ಕಾರಣವಿತ್ತು: ಇಲಿಗಳಿಗೆ ವಾಂತಿ ಮಾಡಲು ಬರುವುದಿಲ್ಲ.

ಅದೇ ಹೊತ್ತಿಗೆ ಇಂಗ್ಲೆಂಡಿನ ಗ್ಲ್ಯಾಕ್ಸೊ ಕಂಪನಿಯ ಪ್ರಯೋಗಾಲಯದಲ್ಲಿ ಒಂಡಾನ್ಸೆಟ್ರಾನ್ ಸಿದ್ಧವಾಗಿತ್ತು. 1991ರ ಜನವರಿಯಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು.

ಆ ಅಣುವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸೆರೊಟೋನಿನ್ ಸಣ್ಣದು. ಇಂಗಾಲದ ಆರು ಮೂಲೆಯ ಉಂಗುರಕ್ಕೆ ಸಾರಜನಕವಿರುವ ಐದು ಮೂಲೆಯ ಉಂಗುರ ಬೆಸೆದ ಇಂಡೋಲ್ ಎಂಬ ಚೌಕಟ್ಟು, ಒಂದು ಬದಿಗೆ ಹೈಡ್ರಾಕ್ಸಿಲ್ ಗುಂಪು, ಇನ್ನೊಂದು ಬದಿಗೆ ಎರಡು ಇಂಗಾಲದ ಬಾಲ, ಬಾಲದ ತುದಿಗೆ ಅಮೈನ್. ದೇಹದ ದ್ರವದಲ್ಲಿ ಆ ಅಮೈನ್ ಧನ ವಿದ್ಯುದಂಶ ಹೊತ್ತಿರುತ್ತದೆ. ಗ್ರಾಹಕದ ಎರಡು ತುಂಡುಗಳು ಕೂಡುವ ಸಂದಿನಲ್ಲಿ ಸೆರೊಟೋನಿನ್ ಕೂರುವ ಗೂಡು ಇದೆ. ಅದರ ಗೋಡೆಗಳು ಟ್ರಿಪ್ಟೊಫಾನ್, ಟೈರೋಸಿನ್‌ನಂಥ ಉಂಗುರವುಳ್ಳ ಅಮೈನೊ ಆಮ್ಲಗಳವು. ಧನ ವಿದ್ಯುದಂಶ ಆ ಉಂಗುರಗಳ ಎಲೆಕ್ಟ್ರಾನ್ ಮೋಡಕ್ಕೆ ಒತ್ತಿಕೊಂಡು ನಿಲ್ಲುತ್ತದೆ, ಗೂಡು ಬಿಗಿಯುತ್ತದೆ, ಕಿಂಡಿ ತೆರೆಯುತ್ತದೆ.

ಒಂಡಾನ್ಸೆಟ್ರಾನ್ ತಯಾರಿಸಿದವರು ಇಂಡೋಲ್ ಚೌಕಟ್ಟನ್ನು ಉಳಿಸಿಕೊಂಡರು. ಅದಕ್ಕೆ ಮೂರನೆಯ ಉಂಗುರವೊಂದನ್ನು ಬೆಸೆದು, ಕೀಟೋನ್ ಗುಂಪು ಸೇರಿಸಿ, ಕಾರ್ಬಜೋಲೋನ್ ಎಂಬ ಅಗಲವಾದ, ಬಗ್ಗದ ಮೈ ಕೊಟ್ಟರು. ಅಮೈನ್ ಇದ್ದ ಕಡೆ ಮಿಥೈಲ್ ಅಂಟಿಸಿದ ಇಮಿಡಜೋಲ್ ಉಂಗುರ ಬಂತು. ಸೆರೊಟೋನಿನ್‌ನ ಅಣುತೂಕ 176, ಇದರದ್ದು 293. ಗೂಡಿಗೆ ಹೊಂದುವಷ್ಟು ಸೆರೊಟೋನಿನ್‌ನ ಹೋಲಿಕೆ ಇದೆ. ಗೂಡು ಬಿಗಿದು ಕಿಂಡಿ ತೆರೆಯಲು ಬಿಡದಷ್ಟು ದಪ್ಪವಾಗಿಯೂ ಇದೆ. ಅದು ಹೋಗಿ ಕುಳಿತರೆ ಸೆರೊಟೋನಿನ್ ಹೊರಗೆ ಕಾಯಬೇಕು. ಇನ್ನೂ ದೊಡ್ಡ ಗುಣ ಎಂದರೆ ಅದರ ಆಯ್ಕೆ. ಡೋಪಮಿನ್ ಗ್ರಾಹಕದ ತಂಟೆಗೆ ಅದು ಹೋಗುವುದಿಲ್ಲ. ಹಾಗಾಗಿ ಮೆಟೊಕ್ಲೊಪ್ರಮೈಡ್‌ನಿಂದ ಕೆಲವರಿಗೆ, ಅದರಲ್ಲೂ ಎಳೆಯರಿಗೆ, ಕತ್ತು ತಿರುಚಿ ದವಡೆ ಸೆಟೆದುಕೊಳ್ಳುವಂಥ ಭಯಂಕರ ಪರಿಣಾಮ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಿದ್ದೆಯ ಮಂಪರೂ ಅಷ್ಟಾಗಿ ಇಲ್ಲ. ವಾಂತಿ ನಿಲ್ಲಿಸಲು ರೋಗಿಯನ್ನು ಮಂಕು ಮಾಡಬೇಕಿಲ್ಲ ಎಂಬುದು 1990ರ ದಶಕದ ಕ್ಯಾನ್ಸರ್ ವಾರ್ಡುಗಳಿಗೆ ದೊಡ್ಡ ಸುದ್ದಿಯೇ ಆಗಿತ್ತು.

ಈ ಔಷಧಿ ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಭಾರತದ ಪಟ್ಟಿಯಲ್ಲೂ ಇದೆ. ಆದ್ದರಿಂದ ಅದರ ಬೆಲೆಗೆ ಸರ್ಕಾರದ ಮಿತಿಯಿದೆ. ಎಮೆಸೆಟ್, ವೊಮಿಕೈಂಡ್ ಮುಂತಾದ ಹೆಸರುಗಳಲ್ಲಿ 4 ಮತ್ತು 8 ಮಿಲಿಗ್ರಾಂ ಗುಳಿಗೆಯಾಗಿ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ. ಹೀಗೆ ಕೈಗೆಟುಕುವಂತಾದದ್ದು ಒಳ್ಳೆಯದೇ. ಆದರೆ ‘ವಾಂತಿ ಗುಳಗಿ ಕೊಡ್ರಿ’ ಅಂದರೆ ಎಲ್ಲ ವಾಂತಿಗೂ ಇದೊಂದೇ ಮದ್ದು ಎಂಬ ಭಾವನೆ ಬೆಳೆದದ್ದು ಒಳ್ಳೆಯದಲ್ಲ. ವಾಂತಿ ಒಂದೇ ಆದರೂ ದಾರಿಗಳು ಹಲವು.

ನಿಪ್ಪಾಣಿಯಿಂದ ಆಂಬೋಲಿ ಘಾಟು ಇಳಿಯುವ ಬಸ್ಸಿನಲ್ಲಿ ಬರುವ ವಾಂತಿ ಒಳಕಿವಿಯಲ್ಲಿ ಹುಟ್ಟುವಂಥದ್ದು. ಅದರ ಸುದ್ದಿ ಸಾಗುವುದು ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಗ್ರಾಹಕಗಳ ಮೂಲಕ. ಅಲ್ಲಿ ಒಂಡಾನ್ಸೆಟ್ರಾನ್ ಅಷ್ಟಾಗಿ ನಡೆಯುವುದಿಲ್ಲ. ಅವೊಮಿನ್‌ನಂಥ ಹಳೆಯ ಗುಳಿಗೆಯೇ ಮೇಲು, ಅದೂ ಬಸ್ ಹತ್ತುವ ಮೊದಲು. ಬಸುರಿಯರ ಬೆಳಗಿನ ವಾಂತಿಗೂ ಒಂಡಾನ್ಸೆಟ್ರಾನ್ ಮೊದಲ ಆಯ್ಕೆಯಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡದೊಂದು ಅಧ್ಯಯನ, ಮೊದಲ ಮೂರು ತಿಂಗಳಲ್ಲಿ ಇದನ್ನು ತೆಗೆದುಕೊಂಡವರ ಮಕ್ಕಳಲ್ಲಿ ಸೀಳುತುಟಿ, ಸೀಳು ಅಂಗುಳ 10,000ಕ್ಕೆ ಸುಮಾರು 3ರಷ್ಟು ಹೆಚ್ಚು ಕಂಡಿತೆಂದು ಹೇಳಿತು. ಅಪಾಯ ಚಿಕ್ಕದು. ಆದರೂ ವೈದ್ಯರು ತೂಗಿನೋಡಿ ಬರೆಯಬೇಕಾದದ್ದನ್ನು ಅಂಗಡಿಯಿಂದ ನೇರವಾಗಿ ತಂದು ನುಂಗುವುದು ತರವಲ್ಲ.

ಮಕ್ಕಳ ವಾಂತಿಭೇದಿಯಲ್ಲಿ ಮಾತ್ರ ಅದರ ಉಪಕಾರ ನಿಜವಾದದ್ದು. 2006ರಲ್ಲಿ ಅಮೆರಿಕದಲ್ಲಿ 215 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಒಂದೇ ಒಂದು ಗುಳಿಗೆ ಪಡೆದವರಲ್ಲಿ ಶೇ 14ರಷ್ಟು, ಹುಸಿ ಗುಳಿಗೆ ಪಡೆದವರಲ್ಲಿ ಶೇ 35ರಷ್ಟು ಮಕ್ಕಳು ಮತ್ತೆ ವಾಂತಿ ಮಾಡಿಕೊಂಡರು. ವಾಂತಿ ನಿಂತರೆ ಓಆರ್‌ಎಸ್ ಹೊಟ್ಟೆಯಲ್ಲಿ ಉಳಿಯುತ್ತದೆ, ಸಲಾಯಿನ್ ಹಚ್ಚುವ ಪ್ರಮೇಯ ಕಡಿಮೆಯಾಗುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಊರಿಗೆ ಊರೇ ಮುಳುಗಿದ್ದನ್ನು ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ಜನ ಮರೆತಿಲ್ಲ. ನೆರೆ ಇಳಿದ ಮೇಲೆ ಕುಡಿಯುವ ನೀರು ಕೆಡುವ ಹಳ್ಳಿಗಳಿಗೆ ಈ ಮಾಹಿತಿ ಬರೀ ಪುಸ್ತಕದ್ದಲ್ಲ. ಆದರೆ ಗುಳಿಗೆ ಓಆರ್‌ಎಸ್‌ಗೆ ದಾರಿ ಮಾಡಿಕೊಡುವುದಕ್ಕೆ ಮಾತ್ರ. ಮಗುವನ್ನು ಉಳಿಸುವುದು ಓಆರ್‌ಎಸ್.

ಸೆರೊಟೋನಿನ್ ತಡೆಯುವ ಇನ್ನೊಂದು ಔಷಧಿ ಬಹುಮಂದಿಗೆ ಅದರ ಅರಿವಿಲ್ಲದೆಯೇ ಮನೆಯಲ್ಲಿದೆ. ಹಸಿವಿಗೆಂದು ತರುವ ಸಿಪ್ರೊಹೆಪ್ಟಡಿನ್ ಸಿರಪ್ಪು. ಅದು ತಡೆಯುವುದು 5-ಎಚ್‌ಟಿ2 ಎಂಬ ಬೇರೆಯೇ ಗ್ರಾಹಕವನ್ನು, ಜೊತೆಗೆ ಹಿಸ್ಟಮಿನ್ ಗ್ರಾಹಕವನ್ನು. ಹಸಿವು ಹೆಚ್ಚುತ್ತದೆ, ನಿದ್ದೆಯೂ ಬರುತ್ತದೆ. ಕಿಮೋದಿಂದ ಊಟ ಬಿಟ್ಟ ರೋಗಿಗೆ ಮನೆಯವರು ಅಕ್ಕರೆಯಿಂದ ಇದನ್ನು ತಂದು ಕುಡಿಸುತ್ತಾರೆ. ಸಿಸ್‌ಪ್ಲಾಟಿನ್ ವಾಂತಿಯ ಕಿಂಡಿಗೆ ಇದರಿಂದ ಏನೂ ಆಗುವುದಿಲ್ಲ.

ಸಿಸ್‌ಪ್ಲಾಟಿನ್ ದಿನದ ವಾರ್ಡಿನಲ್ಲಿ ಕ್ರಮ ಹೀಗಿರುತ್ತದೆ. ಬೆಳಗ್ಗೆ ಮೊದಲು ಉಪ್ಪುನೀರಿನ ಬಾಟಲಿ, ಮೂತ್ರಪಿಂಡ ಕಾಯಲು. ಕಿಮೋ ಬಾಟಲಿ ಏರಿಸುವ ಸುಮಾರು ಅರ್ಧ ಗಂಟೆ ಮೊದಲು ಒಂಡಾನ್ಸೆಟ್ರಾನ್ ಅಥವಾ ಅದರ ಬಳಗದ ಇನ್ನೊಂದು ಔಷಧಿಯ ಸೂಜಿ, ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್. ಈ ಮೊದಲು ಎಂಬುದೇ ಮುಖ್ಯ. ಗೂಡಿನಲ್ಲಿ ಔಷಧಿ ಮೊದಲೇ ಕುಳಿತಿದ್ದರೆ ಸೆರೊಟೋನಿನ್ ಬಂದಾಗ ಜಾಗ ಇರುವುದಿಲ್ಲ. ವಾಂತಿ ಶುರುವಾದ ಮೇಲೆ ಕೊಟ್ಟರೆ ಅರ್ಧ ಯುದ್ಧ ಸೋತಂತೆ. ಸಂಜೆ ಹೊತ್ತಿಗೆ ರೋಗಿ ಎದ್ದು ಕುಳಿತು ಚಹಾ ಕುಡಿಯುತ್ತಾನೆ. ಸಿಸ್ಟರ್ ಗುಳಿಗೆಯ ಚೀಟಿ ಕೈಗಿಡುತ್ತಾಳೆ: ‘ಮಾಮಾ, ಮನಿಗೆ ಹೋದ ಮ್ಯಾಲೂ ಇವನ್ನ ತಗೋಬೇಕ್ರಿ, ವಾಂತಿ ಬರ್ಲಿ ಬಿಡ್ಲಿ.’ ಅವನು ‘ವಾಂತಿನ ಇಲ್ಲ, ಮತ್ಯಾಕ್ರಿ ಗುಳಗಿ?’ ಅನ್ನುತ್ತಾನೆ. ರಾಯಬಾಗಕ್ಕೋ ಶೇಡಬಾಳಕ್ಕೋ ರೈಲು ಹತ್ತುತ್ತಾನೆ.

ಕಷ್ಟ ಇರುವುದು ಇಲ್ಲಿಯೇ. ಸಿಸ್‌ಪ್ಲಾಟಿನ್ ವಾಂತಿಗೆ ಎರಡು ಹಂತ. ಮೊದಲ 24 ಗಂಟೆಯದು ಹೆಚ್ಚಾಗಿ ಸೆರೊಟೋನಿನ್‌ನದು, ಒಂಡಾನ್ಸೆಟ್ರಾನ್ ಅದನ್ನು ಚೆನ್ನಾಗಿ ತಡೆಯುತ್ತದೆ. ಎರಡನೆಯದು ಆಮೇಲೆ ಬಂದು ನಾಲ್ಕೈದು ದಿನ ಕಾಡುತ್ತದೆ. ಅದನ್ನು ನಡೆಸುವುದು ಹೆಚ್ಚಾಗಿ ಮಿದುಳಿನ ಬುಡದಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ಬೇರೊಂದು ವಸ್ತು. ಅದರ ಗ್ರಾಹಕವೂ ಬೇರೆ, ಎನ್‌ಕೆ1. ಆ ಗ್ರಾಹಕ ತಡೆಯುವ ಮೊದಲ ಔಷಧಿ ಅಪ್ರೆಪಿಟಾಂಟ್ ಬಂದದ್ದು 2003ರಲ್ಲಿ. ಅದೇ ವರ್ಷ ಬಂದ ಪ್ಯಾಲೊನೊಸೆಟ್ರಾನ್ ಒಂಡಾನ್ಸೆಟ್ರಾನ್‌ನ ಬಳಗದ್ದೇ, ಆದರೆ ಗ್ರಾಹಕವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಒಂಡಾನ್ಸೆಟ್ರಾನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಕೆಲವೇ ಗಂಟೆ ಸಾಕು, ಇದಕ್ಕೆ ಸುಮಾರು 40 ಗಂಟೆ ಬೇಕು. ಅಂದರೆ ವಾರ್ಡಿನಲ್ಲಿ ಚಹಾ ಕುಡಿದು ನಗುತ್ತ ಹೊರಟ ರೋಗಿಗೆ ಮೂರನೆಯ ದಿನ ಊರಿನಲ್ಲಿ ವಾಂತಿ ಶುರುವಾದರೆ ಅದು ಔಷಧಿಯ ಮೋಸವಲ್ಲ. ಆ ದಿನಕ್ಕೆ ಬೇಕಾದ ಗುಳಿಗೆ ಬೇರೆ, ಅದನ್ನು ಅವನು ತೆಗೆದುಕೊಂಡಿರಬೇಕು.

ಇಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರ ಕೆಲಸವನ್ನು ನೆನೆಯಲೇಬೇಕು. ಓಲಾಂಜಪಿನ್ ಎಂಬ ಮನೋರೋಗದ ಔಷಧಿ ಡೋಪಮಿನ್ ಜೊತೆಗೆ ಸೆರೊಟೋನಿನ್‌ನ ಹಲವು ಗ್ರಾಹಕಗಳನ್ನು ಒಟ್ಟಿಗೇ ತಡೆಯುತ್ತದೆ. ಅದಕ್ಕೇ ತಡವಾದ ವಾಂತಿಗೂ, ಹೊಟ್ಟೆ ತೊಳಸುವುದಕ್ಕೂ ಅದು ಒಳ್ಳೆಯದು. ಆದರೆ ವಿದೇಶಿ ಕ್ರಮದ 10 ಮಿಲಿಗ್ರಾಂ ಪ್ರಮಾಣ ರೋಗಿಯನ್ನು ಹಗಲೆಲ್ಲ ತೂಕಡಿಸುವಂತೆ ಮಾಡುತ್ತದೆ. ಟಾಟಾ ವೈದ್ಯರು 2.5 ಮಿಲಿಗ್ರಾಂ ಕೊಟ್ಟು ಹೋಲಿಸಿ ನೋಡಿದರು. ವಾಂತಿ ತಡೆಯುವುದರಲ್ಲಿ ಅದು ಹಿಂದೆ ಬೀಳಲಿಲ್ಲ, ತೂಕಡಿಕೆ ಬಹಳ ಇಳಿಯಿತು. 2024ರಲ್ಲಿ ಅದು ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಪ್ರಕಟವಾಯಿತು. ಅಗ್ಗದ ಗುಳಿಗೆ, ಕಾಲು ಪ್ರಮಾಣ. ಕಿಮೋ ಮುಗಿಸಿ ರೈಲಿನಲ್ಲಿ ಊರಿಗೆ ಮರಳುವ ಬಡರೋಗಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ ವಿಜ್ಞಾನ ಇದು.

ಅದೇ ಆಸ್ಪತ್ರೆ 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವೂ ಈ ಮಾತಿಗೆ ಸೇರುತ್ತದೆ. ತಲೆ-ಕುತ್ತಿಗೆ ಕ್ಯಾನ್ಸರ್‌ನ 300 ರೋಗಿಗಳಲ್ಲಿ ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಅನ್ನು ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿಯೋ ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿಯೋ ಕೊಟ್ಟು ನೋಡಿದಾಗ, ಗಡ್ಡೆಯನ್ನು ಹತೋಟಿಯಲ್ಲಿಡುವುದರಲ್ಲಿ ದೊಡ್ಡ ಪ್ರಮಾಣ ಗೆದ್ದಿತು. ಅದರ ತೊಂದರೆಗಳೂ ಹೆಚ್ಚಿದ್ದವು. ಗೆಲ್ಲುವ ಪ್ರಮಾಣವನ್ನು ರೋಗಿ ತಾಳಿಕೊಳ್ಳಬೇಕಾದರೆ ವಾಂತಿ ತಡೆಯುವ ಗುಳಿಗೆಗಳು ಸರಿಯಾಗಿ, ಸರಿಯಾದ ಹೊತ್ತಿಗೆ ಹೊಟ್ಟೆ ಸೇರಬೇಕು.

ಇವಕ್ಕೂ ಅಡ್ಡ ಪರಿಣಾಮಗಳಿವೆ. 5-ಎಚ್‌ಟಿ3 ಕರುಳಿನ ಚಲನೆಯಲ್ಲೂ ಇರುವುದರಿಂದ ಮಲಬದ್ಧತೆ ಸಾಮಾನ್ಯ. ತಲೆನೋವು ಬರಬಹುದು. ಹೃದಯದ ಬಡಿತದ ಲಯದಲ್ಲಿ ವ್ಯತ್ಯಾಸವಾಗುವ ಅಪಾಯದಿಂದ ಅಮೆರಿಕದ ಔಷಧಿ ಆಡಳಿತ 2012ರಲ್ಲಿ ಒಂದೇ ಸಲಕ್ಕೆ ಒಂಡಾನ್ಸೆಟ್ರಾನ್‌ನ 32 ಮಿಲಿಗ್ರಾಂ ಸೂಜಿ ಕೊಡುವುದನ್ನು ನಿಲ್ಲಿಸಿತು. ರಕ್ತದಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ಇಳಿದಿದ್ದರೆ ಈ ಅಪಾಯ ಹೆಚ್ಚು. ಸಿಸ್‌ಪ್ಲಾಟಿನ್ ಮೆಗ್ನೀಸಿಯಂ ಇಳಿಸುತ್ತದೆ. ಅದಕ್ಕೇ ಪ್ರತಿ ಸುತ್ತಿಗೆ ಮೊದಲು ರಕ್ತ ಪರೀಕ್ಷೆ. ಅದು ಸುಮ್ಮನೆ ದುಡ್ಡು ಖರ್ಚು ಮಾಡಿಸುವುದಲ್ಲ.

ಮೊದಲ ಸುತ್ತಿನಲ್ಲಿ ವಾಂತಿ ಹದ್ದು ಮೀರಿದರೆ ಇನ್ನೊಂದು ಕೇಡಿದೆ. ಎರಡನೆಯ ಸುತ್ತಿಗೆ ಆಸ್ಪತ್ರೆಯ ಗೇಟು ಕಂಡರೆ ಸಾಕು, ಸ್ಪಿರಿಟ್ಟಿನ ವಾಸನೆ ಬಡಿದರೆ ಸಾಕು, ಔಷಧಿ ಹತ್ತಿಸುವ ಮೊದಲೇ ಕೆಲವರಿಗೆ ವಾಂತಿಯಾಗುತ್ತದೆ. ಇದು ನೆನಪಿನ ವಾಂತಿ. ಕರುಳಿನ ಸೆರೊಟೋನಿನ್‌ಗೂ ಇದಕ್ಕೂ ಸಂಬಂಧವಿಲ್ಲ, ಒಂಡಾನ್ಸೆಟ್ರಾನ್ ಇದಕ್ಕೆ ನಾಟುವುದಿಲ್ಲ. ಒಮ್ಮೆ ಬೇರೂರಿದರೆ ಬಿಡಿಸುವುದು ಕಷ್ಟ. ಬರದಂತೆ ನೋಡಿಕೊಳ್ಳುವುದಕ್ಕೆ ಒಂದೇ ದಾರಿ, ಮೊದಲ ಸುತ್ತಿನಲ್ಲೇ ವಾಂತಿಯನ್ನು ಚೆನ್ನಾಗಿ ತಡೆಯುವುದು.

ಮನೆಯಲ್ಲಿ ಯಾರಾದರೂ ಕಿಮೋ ತೆಗೆದುಕೊಳ್ಳುತ್ತಿದ್ದರೆ ಈ ಕೆಲವು ಕೆಲಸಗಳನ್ನು ತಪ್ಪದೆ ಮಾಡಿ. ಬಸ್ಸೋ ರೈಲೋ ಹತ್ತುವ ಮೊದಲು ಎರಡನೆಯ, ಮೂರನೆಯ, ನಾಲ್ಕನೆಯ ದಿನದ ಗುಳಿಗೆ ಯಾವುದು ಎಂದು ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ವಾಂತಿ ಇಲ್ಲವೆಂದು ಅದನ್ನು ಬಿಡಬೇಡಿ. ಯಾವ ದಿನ, ಎಷ್ಟು ಸಲ ವಾಂತಿಯಾಯಿತು ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿಟ್ಟು ಮುಂದಿನ ಸುತ್ತಿನಲ್ಲಿ ತೋರಿಸಿ. ಔಷಧಿ ಬದಲಿಸಲು ವೈದ್ಯರಿಗೆ ಬೇಕಾಗಿರುವುದು ಆ ಚೀಟಿ. ‘ತಡಕೊಳ್ಳಬೇಕು’ ಎಂದು ಸುಮ್ಮನಿರಬೇಡಿ, ಈಗ ತಡೆದುಕೊಳ್ಳಬೇಕಾದ ಕಾಲವಲ್ಲ. ಇನ್ನೂ ತಂಬಾಕು ಬಿಡದವರು ಮನೆಯಲ್ಲಿದ್ದರೆ 1800-11-2356ಕ್ಕೆ ಫೋನ್ ಮಾಡಲು ಹೇಳಿ. ಅದು ತಂಬಾಕು ಬಿಡಿಸಲು ಕೇಂದ್ರ ಸರ್ಕಾರ ನಡೆಸುವ ಸಹಾಯವಾಣಿ, ಕರೆಗೆ ದುಡ್ಡಿಲ್ಲ.